‘ಮರುಪಾವತಿಸಲಾಗದ ಟಿಕೆಟ್’, ‘ಮರುಪಾವತಿ ಶುಲ್ಕ’: ಈ ಪದಗಳು ಹೇಳಬೇಕಾದ್ದನ್ನು ಹೇಳುತ್ತವೆಯೆ?

ಮಾನ್ಯರೆ,

ವಿಮಾನ ಪ್ರಯಾಣಿಕರ ಹಕ್ಕುಗಳನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿರುವಾಗ ಎರಡು ಪದಗಳ ಬಳಿ ಕೆಲಸ ನಿಂತಿದೆ. ಒಂದು, ‘ನಾನ್ ರಿಫಂಡಬಲ್’ ಟಿಕೆಟ್. ಇನ್ನೊಂದು, ಅಂಥ ಟಿಕೆಟ್ಟನ್ನು ರದ್ದುಪಡಿಸಿದವರು ಅದರಲ್ಲಿ ಸೇರಿದ್ದ ತೆರಿಗೆಯ ಹಣವನ್ನಾದರೂ ಮರಳಿ ಕೊಡಿ ಎಂದು ಕೇಳಿದಾಗ, ಹಾಗೆ ಮರಳಿಸುವ ಕೆಲಸಕ್ಕೆಂದೇ ಕೆಲವು ವಿಮಾನ ಸಂಸ್ಥೆಗಳು ಪಡೆಯುವ ಶುಲ್ಕ.

ಕಳೆದ ವರ್ಷ ನನ್ನ ಅಕ್ಕ ದೆಹಲಿಯ ಪ್ರಯಾಣವನ್ನು ಅನಾರೋಗ್ಯದಿಂದ ರದ್ದುಪಡಿಸಿದಾಗ, ಟಿಕೆಟ್ ಕೊಂಡಿದ್ದ ಜಾಲತಾಣದಿಂದ ‘ಈ ಟಿಕೆಟ್ ಮರುಪಾವತಿಸಲಾಗದು’ ಎಂಬ ಸಂದೇಶ ಬಂದಿತು. ಪೂರ್ತಿ ಹಣ ಹೋಯಿತೆಂದು ತಿಳಿದ ಅವಳು ಮತ್ತೇನನ್ನೂ ಕೇಳಲಿಲ್ಲ. ಆದರೆ ನಮ್ಮ ದೇಶದ ನಿಯಮ ಬೇರೆಯೇ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2008ರಲ್ಲಿ ಹೊರಡಿಸಿ, 2016ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ, ಟಿಕೆಟ್ ರದ್ದಾದರೂ, ಪ್ರಯಾಣಿಕರು ವಿಮಾನದ ಹೊತ್ತಿಗೆ ಬಾರದೆ ಹೋದರೂ, ಶಾಸನಬದ್ಧ ತೆರಿಗೆಗಳನ್ನೂ ಬಳಕೆದಾರರ ಅಭಿವೃದ್ಧಿ ಶುಲ್ಕದಂಥ ನಿಲ್ದಾಣ ಶುಲ್ಕಗಳನ್ನೂ ಹಿಂದಿರುಗಿಸಲೇಬೇಕು. ರಿಯಾಯಿತಿ ದರದ ಟಿಕೆಟ್ಟುಗಳಿಗೂ ಇದು ಅನ್ವಯಿಸುತ್ತದೆ. ಹಿಂದಿರುಗಿಸುವ ಕೆಲಸಕ್ಕೆಂದು ಹೆಚ್ಚುವರಿ ಹಣ ಕೇಳುವಂತಿಲ್ಲ. ಪದಚರ್ಚೆಯ ದೃಷ್ಟಿಯಿಂದ ಮುಖ್ಯವಾದ ಸಂಗತಿಯೆಂದರೆ, ಆ ನಿಯಮವು ‘ಮರಳಿ ಬಾರದ’ ಎಂಬ ವಿಶೇಷಣವನ್ನು ಮೂಲದರಕ್ಕೆ, ಅಂದರೆ ತೆರಿಗೆ ಮತ್ತು ನಿಲ್ದಾಣ ಶುಲ್ಕಗಳನ್ನು ಬಿಟ್ಟು ಉಳಿಯುವ ಪ್ರಯಾಣದರಕ್ಕೆ, ಹಚ್ಚುತ್ತದೆ. ಜಾಹೀರಾತಿನ ಇಂಗ್ಲಿಷಿನಲ್ಲಿ ಅದು ಮೂಲದರವನ್ನು ಬಿಟ್ಟು ಟಿಕೆಟ್ಟಿಗೆ ಅಂಟಿಕೊಂಡಿತು. ನಾವು ಅದನ್ನು ಹಾಗೆಯೇ ಕನ್ನಡಿಸಿಕೊಂಡೆವು.

ವ್ಯಾಕರಣದಲ್ಲಿಯೂ ಇಲ್ಲಿ ತೊಡಕಿದೆ. ಪಾವತಿಯಾಗುವುದು ಹಣವೇ ಹೊರತು ಟಿಕೆಟ್ಟಲ್ಲ. ‘ಓದಲಾಗದ ಬರಹ’, ‘ಹೇಳಲಾಗದ ನೋವು’ ಎಂಬಲ್ಲಿ ‘ಲಾಗದ’ ಎನ್ನುವುದು ಆಗದಿರುವಿಕೆಯನ್ನು, ಅಶಕ್ಯತೆಯನ್ನು ಸೂಚಿಸುತ್ತದೆ. ಒಂದು ಸಂಸ್ಥೆ ತನ್ನ ನಿರ್ಧಾರದಿಂದ ಹಣ ಕೊಡದಿರುವುದನ್ನು ‘ಮರುಪಾವತಿಸಲಾಗದ’ ಎಂದಾಗ, ಅದು ಯಾರ ಕೈಯಲ್ಲೂ ಇಲ್ಲದ ಸಂಗತಿಯೆಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಅಕ್ಕ ಸುಮ್ಮನಾದದ್ದಕ್ಕೆ ಈ ಪದವೂ ಒಂದು ಕಾರಣವೆಂದೇ ನನ್ನ ನಂಬಿಕೆ.

ಎರಡನೆಯ ಪದದ ತೊಡಕು ಇನ್ನೂ ದೊಡ್ಡದು. ‘ಮರುಪಾವತಿ ಶುಲ್ಕ: 400 ರೂಪಾಯಿ’ ಎಂಬ ಸಾಲನ್ನು ಓದಿದವರು ಏನೆಂದು ತಿಳಿಯಬೇಕು? ತಮಗೆ 400 ರೂಪಾಯಿ ಬರುತ್ತದೆಂದೋ, ತಮ್ಮಿಂದ 400 ರೂಪಾಯಿ ಹೋಗುತ್ತದೆಂದೋ? ‘ಪ್ರವೇಶ ಶುಲ್ಕ’, ‘ಪರೀಕ್ಷಾ ಶುಲ್ಕ’ಗಳಲ್ಲಿ ಈ ಗೊಂದಲವಿಲ್ಲ, ಏಕೆಂದರೆ ಪ್ರವೇಶವೂ ಪರೀಕ್ಷೆಯೂ ಹಣವಲ್ಲ. ಮರುಪಾವತಿಯಾದರೋ ತಾನೇ ಹಣದ ಚಲನೆಯಾಗಿರುವುದರಿಂದ, ಸಮಾಸ ಬಿಡಿಸುವಾಗ ‘ಮರುಪಾವತಿಯಾಗುವ ಶುಲ್ಕ’ ಎಂದೂ ಆಗಬಹುದು, ‘ಮರುಪಾವತಿಗಾಗಿ ತೆರುವ ಶುಲ್ಕ’ ಎಂದೂ ಆಗಬಹುದು. ಜೊತೆಗೆ, ‘ಸಾಲದ ಮರುಪಾವತಿ’ಯಲ್ಲಿ ಹಣ ಕೊಡುವವರು ನಾವು; ಟಿಕೆಟ್ಟಿನ ಮರುಪಾವತಿಯಲ್ಲಿ ಪಡೆಯುವವರು ನಾವು. ಹಣ ಯಾವ ಕಡೆಗೆ ಹೋಗುತ್ತದೆಂಬುದನ್ನು ಈ ಪದ ಹೇಳುವುದೇ ಇಲ್ಲ.

‘ಶುಲ್ಕ’ದ ಮೇಲೆಯೂ ಭಾರ ಹೆಚ್ಚಾಗಿದೆ. ನಿಲ್ದಾಣಕ್ಕೆ ಸಲ್ಲಬೇಕಾದ, ಪ್ರಯಾಣ ಮಾಡದಿದ್ದರೆ ನಮಗೆ ಮರಳಬೇಕಾದ ಹಣವೂ ಶುಲ್ಕ. ಟಿಕೆಟ್ ರದ್ದುಪಡಿಸಿದ್ದಕ್ಕೆ ಸಂಸ್ಥೆ ಹಿಡಿದುಕೊಳ್ಳುವ ಹಣವೂ ಶುಲ್ಕ. ಸಂಸ್ಕೃತದ ಶುಲ್ಕವೇ ತದ್ಭವವಾಗಿ ‘ಸುಂಕ’ವಾಗಿದೆ, ಆದರೆ ಬಳಕೆಯಲ್ಲಿ ಸುಂಕವೆಂದರೆ ಸರಕಾರದ್ದು ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಬ್ರಿಟನ್ನಿನಲ್ಲಿ 1994ರ ನವೆಂಬರ್ 1ರಿಂದ ಜಾರಿಯಲ್ಲಿರುವ ‘ಏರ್ ಪ್ಯಾಸೆಂಜರ್ ಡ್ಯೂಟಿ’ಯನ್ನು ಆದ್ದರಿಂದ ‘ವಿಮಾನ ಪ್ರಯಾಣ ಸುಂಕ’ ಎಂದು ಕರೆಯಲು ನಾನು ಹಿಂಜರಿದಿಲ್ಲ. ಪ್ರಯಾಣಿಕರು ವಿಮಾನ ಏರದಿದ್ದರೆ ಸಂಸ್ಥೆ ಆ ಸುಂಕವನ್ನು ಸರಕಾರಕ್ಕೆ ಕಟ್ಟಬೇಕಾಗಿಲ್ಲ. ಆದರೂ ಅದನ್ನು ಮರಳಿ ಪಡೆಯಲು ಹೊರಟವರಿಂದ ಅಲ್ಲಿನ ಕೆಲವು ಸಂಸ್ಥೆಗಳು ಆಡಳಿತ ವೆಚ್ಚದ ಹೆಸರಿನಲ್ಲಿ ಹಣ ಪಡೆಯುತ್ತವೆ. ಆ ವೆಚ್ಚ ಸುಂಕದಷ್ಟೇ ಆದರೆ ಕೈಗೆ ಬರುವುದು ಏನೂ ಇಲ್ಲ. ಇಂಥ ವಾಕ್ಯದಲ್ಲಿ ‘ಶುಲ್ಕವನ್ನು ಮರಳಿಸಲು ಶುಲ್ಕ’ ಎಂದು ಬರೆದರೆ ಯಾರಿಗೆ ಅರ್ಥವಾದೀತು?

ಸದ್ಯಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ಸರಕಾರಕ್ಕೆ ಸಲ್ಲುವುದು ತೆರಿಗೆ ಅಥವಾ ಸುಂಕ, ನಿಲ್ದಾಣಕ್ಕೆ ಸಲ್ಲುವುದು ಶುಲ್ಕ, ಸಂಸ್ಥೆ ಹಿಡಿದುಕೊಳ್ಳುವುದು ‘ಕಡಿತ’. ಸಂಬಳದಲ್ಲಿ ಇಷ್ಟು ಮುರಿದುಕೊಂಡರು ಎಂದು ನಾವು ಆಡುವ ಮಾತಿನ ಅರ್ಥ ‘ಕಡಿತ’ದಲ್ಲಿ ಚೆನ್ನಾಗಿ ಬರುತ್ತದೆ, ಹಣ ಯಾರ ಬಳಿ ಉಳಿಯಿತೆಂಬುದೂ ಸ್ಪಷ್ಟವಾಗುತ್ತದೆ. ಹಣ ಬದಲಾಯಿಸುವಾಗ ಹಿಡಿಯುವ ಕಡಿತಕ್ಕೆ ‘ವಟ್ಟ’ ಎಂಬ ಹಳೆಯ ಪದವೂ ಇದೆಯಾದರೂ ಇಂದಿನ ಓದುಗರಿಗೆ ಅದು ತಿಳಿಯುವುದು ಕಷ್ಟ. ಟಿಕೆಟ್ಟಿಗೆ ‘ಮೂಲದರ ಮರಳಿ ಕೊಡದ ಟಿಕೆಟ್’ ಎಂದಿದ್ದೇನೆ. ಉದ್ದವಾಯಿತು, ನಿಜ, ಆದರೆ ಇದರಲ್ಲಿ ಕೊಡದಿರುವುದು ಯಾವುದು ಎಂಬುದು ಹೇಳಿದಂತಾಯಿತು.

ಇದಕ್ಕಿಂತ ಚಿಕ್ಕದಾದ, ಆದರೆ ‘ಮೂಲದರ’ದ ಮಾತನ್ನು ನುಂಗಿಹಾಕದ ಪದವೊಂದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಬೇಕು. ಬ್ಯಾಂಕು, ಸಹಕಾರ ಸಂಘಗಳ ಲೆಕ್ಕಪತ್ರಗಳಲ್ಲಿ ದುಡಿದವರು, ಮರಳಿಸುವ ಹಣದಲ್ಲಿ ಮುರಿದುಕೊಳ್ಳುವ ಭಾಗಕ್ಕೆ ತಮ್ಮಲ್ಲಿ ಯಾವ ಪದ ಬಳಕೆಯಲ್ಲಿತ್ತೆಂದು ತಿಳಿಸಿದರೆ ಅದನ್ನೇ ಹೊತ್ತಗೆಯಲ್ಲಿ ಬಳಸುವ ಆಸೆ ನನಗಿದೆ.