ಅಪ್‌ಡೇಟ್: ಸಿಡಿ ಪ್ಲೇಯರ್ ಕೊನೆಗೂ ಮನೆಗೆ ಬಂತು

ಅಪ್ಪನ ಸಿಡಿಗಳನ್ನು ಕೇಳೋಕೆ ಗಟ್ಟಿಮುಟ್ಟಾದ, ಬಹಳ ವರ್ಷ ಬಾಳಿಕೆ ಬರುವ ಪ್ಲೇಯರ್ ಯಾವುದು ಅಂತ ಕೇಳಿದ್ದೆ. ಹೊಸದು ಕೊಳ್ಳಲೋ, ಜಪಾನಿನಿಂದ ಹಳೇ ಭಾರದ ಸೆಟ್ ತರಿಸಲೋ ಅನ್ನೋ ಗೊಂದಲ ಇತ್ತು. ಹೊಸದನ್ನೇ ತಂದೆ. ಯಮಾಹಾ ಸಿಡಿ-ಎಸ್303.

ಜಪಾನಿನ ಮಾರುಕಟ್ಟೆಗೆ ಮಾಡಿದ ಸೆಟ್‌ಗಳು 100 ವೋಲ್ಟಿನವು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತವೆ, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನಾದರೂ ಹೊಂದಿಸಬಹುದಿತ್ತು. ನನ್ನ ಮನಸ್ಸು ಬದಲಿಸಿದ್ದು ಇಲ್ಲೇ ಬೆಳಗಾವಿಯ ಟಿಳಕವಾಡಿಯ ರಿಪೇರಿ ಅಂಗಡಿಯವರು. ಒಂದು ಹಳೇ ಪ್ಲೇಯರ್ ಬಿಚ್ಚಿ ತೋರಿಸಿದರು. ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಕರಗಿದಂತಾಗಿ ಬೆರಳಿಗೆ ಅಂಟುತ್ತಿತ್ತು. "ಇದು ದೊಡ್ಡ ವಿಷಯ ಅಲ್ಲ ಸರ್, ಅಗ್ಗದ್ದು, ಹಾಕಿಕೊಡ್ತೀನಿ. ಲೇಸರ್ ಪಿಕಪ್ ಹೋದ್ರೆ ಎಲ್ಲಿಂದ ತರ್ತೀರಿ?" ಅಂದರು. ಪಿಕಪ್ ಅಂದ್ರೆ ಸಿಡಿಯನ್ನು ಓದುವ ಲೇಸರ್ ಭಾಗ. ನಿಜ ಅಲ್ವಾ? ಮೇಲಿನ ತಗಡು ಎಷ್ಟು ದಪ್ಪ ಇದ್ದರೇನು, ಪಿಕಪ್ ಸಿಗದಿದ್ದರೆ ಅದು ಸುಮ್ನೆ ಡಬ್ಬಿ.

ಯಮಾಹಾದಲ್ಲಿ ಆಪ್ಟಿಕಲ್, ಕೋಆಕ್ಸಿಯಲ್ ಎರಡೂ ಡಿಜಿಟಲ್ ಔಟ್ ಇವೆ. ಮುಂದೆ ಬೇಕೆನಿಸಿದರೆ ಬೇರೆ ಡಿಎಸಿ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಆಗಿ ಬದಲಿಸುವ ಪೆಟ್ಟಿಗೆ) ಸೇರಿಸಬಹುದು. ಟ್ರೇ ಅಲುಗಾಡದೆ ಹೊರಬರುತ್ತದೆ. ಬಿಸಿಯಾಗುವ ಆಂಪ್ಲಿಫೈಯರ್ ಮೇಲೆ ಇಡದೆ ಪಕ್ಕದಲ್ಲಿ ಇಟ್ಟಿದ್ದೇನೆ. ಸಿಡಿಯನ್ನು ಸುತ್ತ ತಿರುಗಿಸಿ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರ ಒರೆಸಿ ಅಂದಿದ್ದವರಿಗೆ ಥ್ಯಾಂಕ್ಸ್. ಅಪ್ಪ ಮಾತ್ರ ಇನ್ನೂ ಅಂಗಿಯ ತುದಿಯಿಂದಲೇ ಒರೆಸುತ್ತಾರೆ.

ಮೊದಲು ಹಾಕಿದ್ದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರದ್ದು. ನಮ್ಮ ಬೆಳಗಾವಿ ಹತ್ತಿರದ ಸುಳೇಬಾವಿಯವರು ತಾನೇ, ಅವರಿಗೇ ಮೊದಲ ಪಾಳಿ.