ಮೆಟಡೋರ್ ಮನೆಗಾಡಿಯ ಹೆಡ್ ಇಳಿಸಬೇಕು, ಅನುಭವ ಇದ್ದವರು ಹೇಳಿ

ಮಂಡ್ಯದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಓಡಿಸುತ್ತಿದ್ದ 1988ರ ಮೆಟಡೋರ್ ಈಗ ನನ್ನ ಹತ್ರ ಇದೆ. ಎಂಜಿನ್ ಮರ್ಸಿಡಿಸ್ ನಮೂನೆಯ ಓಎಂ 616, ನಾಲ್ಕು ಸಿಲಿಂಡರ್ ಡೀಸೆಲ್. ಹಿಂದಿನ ಸೀಟೆಲ್ಲ ತೆಗೆಸಿ ಮಂಚ, ಅಡುಗೆ ಕಟ್ಟೆ, 80 ಲೀಟರ್ ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡ್ಕೊಂಡಿದ್ದೀನಿ. ಹೋದ ತಿಂಗಳು ಕುಶಾಲನಗರ ದಾಟಿ ಮಡಿಕೇರಿ ಏರು ಹತ್ತುವಾಗ ಎಂಜಿನ್ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಯ್ತು. ನಿಲ್ಲಿಸಿ, ಆರಿಸಿ, ನೀರು ಹಾಕ್ಕೊಂಡು ಹೇಗೋ ಊರು ಸೇರಿದ್ವಿ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ, ದಿನಕ್ಕೆ ಅರ್ಧ ಲೀಟರ್ ನೀರು ಕಾಣೆ. ಆಯಿಲ್ ಮುಚ್ಚಳ ತೆಗೆದರೆ ಒಳಗಡೆ ಕೆನೆ ಕಟ್ಟಿದ ಹಾಗಿದೆ. "ಹೆಡ್ ಇಳಿಸಿ, ಫೇಸಿಂಗ್ ಮಾಡ್ಸಿ, ಗ್ಯಾಸ್ಕೆಟ್ ಹಾಕೋಣ, ಎರಡೇ ದಿನ" ಅಂತಾರೆ ಮೆಕ್ಯಾನಿಕ್. ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ (ಹೆಡ್) ಬಿಚ್ಚಿ, ಅದರ ಅಡಿಮುಖ ಸಪಾಟು ಮಾಡಿಸಿ (ಫೇಸಿಂಗ್), ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್ ಹಾಳೆ (ಗ್ಯಾಸ್ಕೆಟ್) ಹೊಸದು ಹಾಕೋದು. ನಾನೇ ಬಿಚ್ಚಬೇಕು ಅಂತ ಆಸೆ. ಟ್ರ್ಯಾಕ್ಟರ್ ಕೆಲಸ ಸ್ವಲ್ಪ ಬರುತ್ತೆ. ಏನೇನು ನೋಡ್ಕೋಬೇಕು, ಹೇಳಿ.

ಮೈಸೂರು, ಬನ್ನಿಮಂಟಪದಿಂದ

ಮೊದಲು ಗಾಡಿ ಸ್ಟಾರ್ಟ್ ಮಾಡೋದನ್ನ ನಿಲ್ಲಿಸಿ ಸಾರ್. ನೀರು ಬೆರೆತ ಆಯಿಲ್‌ನಲ್ಲಿ ಓಡಿಸಿದರೆ ಕ್ರ್ಯಾಂಕ್ ಬೇರಿಂಗ್ ಉಜ್ಜಿ ಹೋಗುತ್ತೆ. ಹೆಡ್ಡಿನಲ್ಲಿ ಮುಗಿಯೋ ಖರ್ಚು ಇಡೀ ಎಂಜಿನ್ನಿಗೆ ಬರುತ್ತೆ.

ನೀವು ಹೇಳಿದ ಲಕ್ಷಣ ನೋಡಿದರೆ ಗ್ಯಾಸ್ಕೆಟ್ ಸುಟ್ಟಿರೋದು ಬಹುತೇಕ ಖಚಿತ. ಆದರೆ ಅದು ಯಾಕೆ ಸುಟ್ಟಿತು ಅನ್ನೋದು ಗೊತ್ತಾಗದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ನನ್ನ ಮೆಟಡೋರ್‌ಗೆ ಹೀಗೇ ಆಗಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ದಿನದಲ್ಲಿ ಫೇಸಿಂಗ್, ಗ್ಯಾಸ್ಕೆಟ್ ಎಲ್ಲ ಮಾಡಿ ಕೊಟ್ಟರು. ಮೂರು ತಿಂಗಳಿಗೆ ಊಟಿ ಕಡೆ ಹೊರಟವನು ಗುಂಡ್ಲುಪೇಟೆ ದಾಟುತ್ತಿದ್ದ ಹಾಗೇ ಮತ್ತೆ ಕುದಿಸಿದೆ. ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಮುಚ್ಚುತ್ತಾರೆ, ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋಕೆ ಎಂಜಿನ್ ಇಲ್ಲ. ಗಾಡಿಯೊಳಗೇ ಮಲಗಿ ಬೆಳಿಗ್ಗೆ ಕಟ್ಟಿ ಎಳೆಸಿಕೊಂಡು ಬಂದೆ. ಆಗ ಕೂತು ಹುಡುಕಿದಾಗ ಎರಡು ಕಾರಣ ಸಿಕ್ಕಿತು.

ಒಂದು, ಯಾರೋ ಯಾವತ್ತೋ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದರು. ನಮ್ಮ ಕಡೆ "ಬಿಸಿಲೂರಿಗೆ ಅದ್ಯಾಕೆ" ಅಂತ ತೆಗೆಯೋದು ರೂಢಿ. ಈ ಎಂಜಿನ್ನಿನಲ್ಲಿ ಅದು ದೊಡ್ಡ ತಪ್ಪು. ಬಿಸಿಯಾದಾಗ ಥರ್ಮೋಸ್ಟಾಟ್ ರೇಡಿಯೇಟರ್ ದಾರಿ ತೆರೆಯೋದರ ಜೊತೆಗೆ ಬೈಪಾಸ್ ದಾರಿಯನ್ನ ಮುಚ್ಚುತ್ತೆ. ಅದೇ ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ನಿನಲ್ಲೇ ಸುತ್ತುತ್ತಿರುತ್ತೆ. ಸಪಾಟು ರಸ್ತೆಯಲ್ಲಿ ಗೊತ್ತಾಗಲ್ಲ, ಭಾರ ಹೊತ್ತು ಏರು ಹತ್ತುವಾಗ ಗೊತ್ತಾಗುತ್ತೆ. ಎರಡನೇದು ಬೋರ್ ನೀರು. ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಇವೆರಡನ್ನೂ ಸರಿ ಮಾಡಿದ ಮೇಲೆ ಅದೇ ಹೆಡ್ಡು ಇವತ್ತಿಗೂ ಓಡ್ತಾ ಇದೆ.

ಇನ್ನು ಬಿಚ್ಚೋ ವಿಷಯ. ಮನೆಗಾಡಿ ಆದ್ದರಿಂದ ಮೊದಲು ಗ್ಯಾಸ್ ಸಿಲಿಂಡರ್ ಗಾಡಿಯಿಂದ ಹೊರಗಿಡಿ, ಬ್ಯಾಟರಿ ವೈರು ಬಿಚ್ಚಿ. ಸೀಟುಗಳ ನಡುವಿನ ಎಂಜಿನ್ ಮುಚ್ಚಳ ತೆಗೆದರೆ ಕೈ ಆಡುತ್ತೆ, ಆದರೆ ಬಗ್ಗಿ ಬಗ್ಗಿ ಸೊಂಟ ಬೀಳುತ್ತೆ, ಹಾಗಾಗಿ ಎರಡೂ ಸೀಟು ಕಿತ್ತಿಡಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಶುರು ಮಾಡಿ. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಸರಿಯಿರೋ ಹೆಡ್ಡೂ ಬಾಗುತ್ತೆ.

ಕ್ಯಾಮ್ (ವಾಲ್ವುಗಳನ್ನ ತೆರೆಸೋ ಶಾಫ್ಟು) ಮೇಲ್ಗಡೆ ಇರೋ ಎಂಜಿನ್ ಇದು, ಟ್ರ್ಯಾಕ್ಟರಿನ ಹಾಗೆ ಪುಶ್ ರಾಡ್ ಇಲ್ಲ. ಕ್ಯಾಮನ್ನ ತಿರುಗಿಸೋ ಟೈಮಿಂಗ್ ಚೈನು ಹೆಡ್ಡಿನ ಒಳಗಿಂದಲೇ ಬರುತ್ತೆ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬರೋ ಹಾಗೆ ತಿರುಗಿಸಿ, ಕ್ಯಾಮ್ ಗುರುತು ಮೊದಲ ಬೇರಿಂಗ್ ಕಂಬದ ಗುರುತಿಗೆ ಕೂಡಿದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಚೈನಿಗೂ ಸ್ಪ್ರಾಕೆಟ್ಟಿಗೂ ಬಣ್ಣದ ಚುಕ್ಕೆ ಹಾಕಿ. ಚೈನನ್ನ ಬಿಗಿ ಹಿಡಿಯೋ ಟೆನ್ಷನರ್ ತೆಗೆದ ಮೇಲೆ ಸ್ಪ್ರಾಕೆಟ್ ಬಿಚ್ಚಿ, ಚೈನಿಗೆ ಕಟ್ಟುಕಂಬಿ ಕಟ್ಟಿ ಮೇಲಕ್ಕೆ ಬಿಗಿದಿಡಿ. ಒಳಗೆ ಬಿತ್ತು ಅಂದರೆ ಮುಂದಿನ ಕವರ್ ಬಿಚ್ಚೋ ಕೆಲಸ ಬೀಳುತ್ತೆ.

ಎಲ್ಲ ಬೋಲ್ಟ್ ತೆಗೆದೂ ಹೆಡ್ ಅಲುಗಾಡದಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಮುಂಭಾಗದಲ್ಲಿ ಚೈನು ಇಳಿಯೋ ಗೂಡಿನೊಳಗೆ ಎರಡು ಸಣ್ಣ ಅಲನ್ ಬೋಲ್ಟ್ ಇರುತ್ತೆ, ಆಯಿಲ್ ಮಸಿ ಕೂತು ಕಾಣಿಸಲ್ಲ. ಚೈನ್ ಗೈಡಿನ ಪಿನ್ನು ಕೂಡ ಹೆಡ್ಡಿನಲ್ಲೇ ಇರುತ್ತೆ, ಅದರ ಥ್ರೆಡ್ಡಿಗೆ ಬೋಲ್ಟ್ ಹಾಕಿ ಎಳೆದು ತೆಗೀಬೇಕು. ನಾನು ಇದೊಂದಕ್ಕೇ ಅರ್ಧ ದಿನ ಕಳೆದಿದ್ದೆ.

ಮದ್ದೂರಿನಿಂದ

ಅಣ್ಣ, ನಂದೂ ಒಂದು ಮಾತು ಐತೆ. ಬೋಲ್ಟ್ ಬಿಚ್ಚುವಾಗ ಹೊರಗಿನವು ಮೊದ್ಲು, ನಡುವಿನವು ಕೊನೆಗೆ. ಬಿಗಿಯುವಾಗ ನಡುವಿನಿಂದ ಸುರು ಮಾಡಿ ಹೊರಕ್ಕೆ ಬನ್ನಿ. ಇದು ಟ್ರ್ಯಾಕ್ಟರಿಗೂ ಅಷ್ಟೇಯ, ನಿಮ್ಗೆ ಗೊತ್ತಿರ್ತದೆ. ಗೊತ್ತಿಲ್ದೆ ಇರಬೋದಾದ್ದು ಏನಂದ್ರೆ, ಈ ಎಂಜಿನ್ನಿಗೆ ಎರಡು ಥರ ಹೆಡ್ ಬೋಲ್ಟ್ ಬಂದವೆ. ಹಳೇವು ಬರೀ ಟಾರ್ಕ್ ರೆಂಚಲ್ಲಿ (ಬಿಗಿತ ಅಳೆಯೋ ಸ್ಪ್ಯಾನರ್) ಬಿಗಿಯವು. ಆಮೇಲಿನವು ಹನ್ನೆರಡು ಮೂಲೆವು, ಟಾರ್ಕ್ ಕೊಟ್ಟ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸಬೇಕು. ಅವು ಹಿಗ್ಗೋ ಬೋಲ್ಟು, ಉದ್ದ ಅಳೆದು ನೋಡಿ, ಜಾಸ್ತಿ ಹಿಗ್ಗಿದ್ರೆ ಬದಲಾಯ್ಸಿ. ನಿಮ್ಮ ಬೋಲ್ಟ್ ಯಾವ್ದೋ ಆ ಲೆಕ್ಕನೇ ಹಿಡೀರಿ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಬೋಲ್ಟ್ ಬ್ಲಾಕಲ್ಲೇ ಮುರ್ಕೊಳ್ತದೆ.

ಇನ್ನೊಂದು ಕಣಣ್ಣ. ಬ್ಲಾಕಿನ ಬೋಲ್ಟ್ ತೂತುಗಳ ತಳದಲ್ಲಿ ನೀರು, ಆಯಿಲ್ ನಿಂತಿರ್ತದೆ. ಸಿರಿಂಜಲ್ಲಿ ಹೀರಿ, ಬಟ್ಟೆ ಬತ್ತಿ ಬುಟ್ಟು ಒರೆಸಿ. ಹಂಗೇ ಬಿಗಿದ್ರೆ ಒಳಗಿನ ನೀರು ಎಲ್ಲೂ ಹೋಗಕ್ಕಾಗ್ದೆ ಬ್ಲಾಕ್ ಸೀಳ್ತದೆ. ನಮ್ಮೂರಲ್ಲಿ ಕಣ್ಣಾರೆ ಕಂಡಿವ್ನಿ.

ಮೈಸೂರು, ಯಾದವಗಿರಿಯಿಂದ

ನಾನು ಐಡಿಯಲ್ ಜಾವಾದಲ್ಲಿ ಮಷೀನ್ ಶಾಪಿನಲ್ಲಿದ್ದವನು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಸ್ವಂತ ಲೇತ್ ಶಾಪ್ ಇಟ್ಟುಕೊಂಡು ಇತ್ತೀಚಿನವರೆಗೂ ಹೆಡ್ ಕೆಲಸ ಮಾಡುತ್ತಿದ್ದೆ. ಫೇಸಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ ತಮ್ಮಾ, ಸ್ವಲ್ಪ ಗಮನ ಕೊಡು.

ಈ ಹೆಡ್ಡಿನ ಕೆಳಗಡೆ ನಾಲ್ಕು ಪ್ರೀಚೇಂಬರ್‌ಗಳ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಸಣ್ಣ ಕೋಣೆಗಳು) ತುದಿ ಮೇಲ್ಮೈಯಿಂದ ಹೊರಗೆ ಚಾಚಿರುತ್ತವೆ. ಇಳಿಸಿದ ಹೆಡ್ಡನ್ನ ಮುಖ ಅಡಿಯಾಗಿ ನೆಲದ ಮೇಲೆ ಇಟ್ಟರೆ ಬೀಡುಕಬ್ಬಿಣದ ಹೆಡ್ಡಿನ ಇಡೀ ಭಾರ ಆ ತುದಿಗಳ ಮೇಲೆ ಬೀಳುತ್ತದೆ. ಎರಡು ಮರದ ರೀಪು ಹಾಕಿ ಅಂಚಿನ ಮೇಲೆ ಕೂರಿಸು. ಫೇಸಿಂಗ್‌ಗೆ ಕೊಡುವಾಗ "ಪ್ರೀಚೇಂಬರ್ ತೆಗೆದು ಮಾಡಿ" ಅಂತ ಬಾಯಿಬಿಟ್ಟು ಹೇಳು. ಅದರ ನಟ್ಟಿಗೆ ಹಲ್ಲಿರುವ ಬೇರೆಯದೇ ಸಾಕೆಟ್ ಬೇಕು. ಉಳಿ, ಸುತ್ತಿಗೆ ಹಿಡಿದುಕೊಂಡು ಬಂದರೆ ಹೆಡ್ ವಾಪಸ್ ತಗೊಂಡು ಬಾ.

ಫೇಸಿಂಗ್ ಬೇಕೋ ಬೇಡವೋ ಅನ್ನೋದನ್ನ ಅಳೆದು ತೀರ್ಮಾನಿಸಬೇಕು, ರೂಢಿಗೆ ಮಾಡಿಸಬಾರದು. ಹಳೇ ಗ್ಯಾಸ್ಕೆಟ್ ಚೂರು ಕೆರೆದು, ಒಳ್ಳೆ ಸ್ಟ್ರೈಟ್ ಎಡ್ಜ್ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ತೂರಿಸು. 0.10 ಮಿಲಿಮೀಟರ್ ಎಲೆ ಸಲೀಸಾಗಿ ನುಗ್ಗಿದರೆ ಫೇಸಿಂಗ್ ಮಾಡಿಸಲೇಬೇಕು. ಹಾಗೇ ಬ್ಲಾಕಿನ ಮೇಲ್ಮೈಯನ್ನೂ ಅಳೆ, ಅದನ್ನ ಯಾರೂ ಅಳೆಯೋದಿಲ್ಲ. ಎಷ್ಟು ಕಮ್ಮಿ ತೆಗೆದರೆ ಅಷ್ಟು ಒಳ್ಳೆಯದು. 21ಕ್ಕೆ 1ರ ಕಂಪ್ರೆಷನ್ನಿನ ಎಂಜಿನ್ ಇದು, ಮೇಲೆ ಬಂದ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಬಹಳ ಕಡಿಮೆ. ಹೆಡ್ ತೆಳುವಾದಷ್ಟೂ ವಾಲ್ವ್ ಪಿಸ್ಟನ್ ಹತ್ತಿರ ಬರುತ್ತದೆ. ಹಾಗಾಗಿ ಫೇಸಿಂಗ್ ಆದ ಮೇಲೆ ವಾಲ್ವ್ ಮುಖ ಹೆಡ್ಡಿನಿಂದ ಎಷ್ಟು ಒಳಗಿದೆ ಅಂತ ಡೆಪ್ತ್ ಗೇಜಿನಲ್ಲಿ ನೋಡಿ, ಬೇಕಾದರೆ ವಾಲ್ವ್ ಕೂರುವ ಸೀಟನ್ನ ಕೊರೆಸಬೇಕು (ಸೀಟ್ ಕಟಿಂಗ್).

ಇದಕ್ಕೆಲ್ಲ ಮುಂಚೆ ಬಿರುಕು ಪರೀಕ್ಷೆ. ನೀರಿನ ದಾರಿಗಳನ್ನ ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಿರುಕಿದ್ದರೆ ಗುಳ್ಳೆ ಏಳುತ್ತದೆ. ಕುದಿಸಿದ ಹೆಡ್ಡುಗಳಲ್ಲಿ ಎರಡು ವಾಲ್ವ್ ಸೀಟುಗಳ ನಡುವಿನ ಸಣ್ಣ ಸೇತುವೆ ಬಿರುಕು ಬಿಡೋದೇ ಜಾಸ್ತಿ. ಅಲ್ಲಿ ಬಿರುಕಿದ್ದು ನೀರಿನ ದಾರಿ ಮುಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ದುಡ್ಡು ಕಳೆಯಬೇಡ. ಬೀಡಿನ ವೆಲ್ಡಿಂಗ್ ಆ ಜಾಗದ ಬಿಸಿಗೆ ನಿಂತಿದ್ದನ್ನ ನಾನು ನೋಡಿಲ್ಲ. ಗುಜರಿಯಲ್ಲಿ ಒಳ್ಳೆ ಹೆಡ್ ಹುಡುಕು, ಟ್ರ್ಯಾಕ್ಸ್ ಗಾಡಿಗಳಿಗೂ ಇದೇ ಎಂಜಿನ್ ಬಂದಿದೆ. ತಂದ ಹೆಡ್ಡಿಗೂ ಅದೇ ತೊಟ್ಟಿ ಪರೀಕ್ಷೆ ಆಗಬೇಕು.

ಮಂಡ್ಯದಿಂದ

ತುಂಬಾ ಉಪಕಾರ ಆಯ್ತು, ಹಿರಿಯರೇ. ಥರ್ಮೋಸ್ಟಾಟ್ ಗೂಡು ಬಿಚ್ಚಿ ನೋಡಿದೆ, ಒಳಗೆ ಏನೂ ಇಲ್ಲ, ಖಾಲಿ. ವಾಲ್ವ್ ಲ್ಯಾಪಿಂಗ್ (ವಾಲ್ವನ್ನ ಅದರ ಸೀಟಿಗೆ ಉಜ್ಜಿ ಕೂರಿಸೋದು) ಮನೆಯಲ್ಲೇ ಕೈಯಲ್ಲಿ ಮಾಡಬಹುದಾ? ಅಥವಾ ಅದನ್ನೂ ಶಾಪಿಗೇ ಕೊಡಲಾ?

ಶ್ರೀರಂಗಪಟ್ಟಣದಿಂದ

ಖಂಡಿತ ಮಾಡಬಹುದು ಅಣ್ಣ. ಅಪ್ಪಾಜಿ ಜೀಪಿನ ಹೆಡ್ಡಿಗೆ ನಾನೇ ಲ್ಯಾಪಿಂಗ್ ಮಾಡಿದ್ದೆ, ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಆದರೆ ಮೊದಲು ಗೈಡ್ (ವಾಲ್ವಿನ ಕಡ್ಡಿ ಆಡೋ ಕೊಳವೆ) ನೋಡಿ. ವಾಲ್ವನ್ನ ಸ್ವಲ್ಪ ಮೇಲೆತ್ತಿ ಅತ್ತಿತ್ತ ಅಲ್ಲಾಡಿಸಿದಾಗ ಕೈಗೆ ಗೊತ್ತಾಗೋ ಅಷ್ಟು ಆಡಿದರೆ ಗೈಡ್ ಸವೆದಿದೆ. ಆಗ ಗೈಡ್, ಸೀಟ್ ಎರಡೂ ಶಾಪಿನ ಕೆಲಸ. ಗೈಡ್ ಸಡಿಲ ಇದ್ದರೆ ಎಷ್ಟು ಉಜ್ಜಿದರೂ ವಾಲ್ವ್ ಒಂದೇ ಜಾಗದಲ್ಲಿ ಕೂರಲ್ಲ.

ಗೈಡ್ ಚೆನ್ನಾಗಿದ್ದರೆ ಒಂದು ರಟ್ಟಿಗೆ ಎಂಟು ತೂತು ಮಾಡಿ, 1ರಿಂದ 8 ಅಂತ ಬರೆದು, ವಾಲ್ವುಗಳನ್ನ ಬಿಚ್ಚಿದ ಸಾಲಿನಲ್ಲೇ ಚುಚ್ಚಿಡಿ. ಯಾವ ವಾಲ್ವ್ ಯಾವ ಸೀಟಿನದ್ದೋ ಅದಕ್ಕೇ ಹೋಗಬೇಕು. ಸೀಟಿನ ಮುಖಕ್ಕೆ ಮಾತ್ರ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಕಪ್ ಇರೋ ಕೋಲನ್ನ ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ. ನಡುನಡುವೆ ವಾಲ್ವ್ ಎತ್ತಿ ಸ್ವಲ್ಪ ಸರಿಸಿ ಕೂರಿಸಿ. ಮೊದಲು ಕರಕರ ಅನ್ನುತ್ತೆ, ಆಮೇಲೆ ಸದ್ದು ನುಣ್ಣಗಾಗುತ್ತೆ. ಅಪ್ಪಾಜಿ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿಯೇ "ಸಾಕು ಬಿಡಮ್ಮ" ಅನ್ನೋರು. ಒರೆಸಿ ನೋಡಿದಾಗ ಸುತ್ತಲೂ ಒಂದೇ ಅಗಲದ ಮಂಕು ಬೂದು ಪಟ್ಟಿ ಕಾಣಬೇಕು, ಎಲ್ಲೂ ಕಡಿದಿರಬಾರದು. ಕಪ್ಪು ಗುಳಿ ಉಳಿದಿದ್ದರೆ ಇನ್ನೂ ಉಜ್ಜುತ್ತಾ ಕೂರಬೇಡಿ, ಸೀಟ್ ಕಟಿಂಗ್‌ಗೆ ಕೊಡಿ.

ಕೊನೆಗೆ ಸೀಮೆಎಣ್ಣೆ ಪರೀಕ್ಷೆ. ಸ್ಪ್ರಿಂಗ್ ಹಾಕಿ, ಪೋರ್ಟಿನೊಳಗೆ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ. ವಾಲ್ವಿನ ಅಂಚಿನಲ್ಲಿ ಒದ್ದೆ ಕಾಣಿಸಿದರೆ ಆ ವಾಲ್ವ್ ಮತ್ತೆ ಬಿಚ್ಚಬೇಕು. ಪೇಸ್ಟಿನ ಒಂದು ಕಣವೂ ಉಳಿಯಬಾರದು, ಗೈಡಿನೊಳಗೆ ಹೋದರೆ ಅದೇ ಮರಳು ಕಾಗದದ ಹಾಗೆ ಕೊರೆಯುತ್ತೆ. ನಾನು ಮೂರು ಸಲ ತೊಳೆದಿದ್ದೆ. ವಾಲ್ವ್ ಸೀಲ್ ಹೊಸದೇ ಹಾಕಿ.

ಮೈಸೂರು, ಬನ್ನಿಮಂಟಪದಿಂದ

ಜೋಡಿಸುವಾಗಿನದ್ದು ನಾನು ಹೇಳ್ತೀನಿ. ಗ್ಯಾಸ್ಕೆಟ್ ಒಣಗಿದ್ದೇ ಕೂರಲಿ, ಅನಾಬಾಂಡ್ ಥರದ ಸೀಲಿಂಗ್ ಪೇಸ್ಟ್ ಬಳಿಯಬೇಡಿ. ಹೆಡ್ ಬೀಡಿನದ್ದು, ಒಬ್ಬರೇ ಎತ್ತಬೇಡಿ, ಗ್ಯಾಸ್ಕೆಟ್ ಮೇಲೆ ಜಾರಿಸದೆ ನೇರ ಕೂರಿಸಬೇಕು. ಡೀಸೆಲ್ ಸಿಂಪಡಿಸೋ ನಾಝಲ್ ಕೆಳಗಿನ ವಾಷರ್ ನಾಲ್ಕೂ ಹೊಸದು ಹಾಕಿ. ಟೆನ್ಷನರಿಗೆ ಆಯಿಲ್ ತುಂಬಿಸಿ ಹಾಕಿ, ಕ್ಯಾಮ್ ಮೇಲೆ ಧಾರಾಳವಾಗಿ ಆಯಿಲ್ ಸುರಿಯಿರಿ.

ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಸಂದು ಹೊಂದಿಸೋದು) ಇದರಲ್ಲಿ ಬೇರೆ ಥರ. ವಾಲ್ವ್ ಒತ್ತೋ ರಾಕರಿನಲ್ಲಿ ಸ್ಕ್ರೂ ಇಲ್ಲ, ವಾಲ್ವಿನ ಮೇಲ್ತುದಿಯಲ್ಲೇ ಎರಡು ನಟ್ ಇರುತ್ತೆ. 14ರ ಎರಡು ತೆಳು ಸ್ಪ್ಯಾನರ್ ಬೇಕು. ಫೀಲರ್ ಹಾಕಬೇಕಾದ್ದು ಕ್ಯಾಮಿಗೂ ರಾಕರಿಗೂ ನಡುವೆ. ತಣ್ಣಗಿರುವಾಗ ಇನ್‌ಲೆಟ್ 0.10, ಎಕ್ಸಾಸ್ಟ್ 0.30 ಮಿಲಿಮೀಟರ್. ಫೈರಿಂಗ್ ಆರ್ಡರ್ 1-3-4-2, ಅದೇ ಕ್ರಮದಲ್ಲಿ ಹೋಗಿ. ಆಮೇಲೆ ಸೆಲ್ಫ್ ಮುಟ್ಟೋ ಮುಂಚೆ ಕೈಯಲ್ಲೇ ಎಂಜಿನ್ನನ್ನ ಎರಡು ಪೂರ್ತಿ ಸುತ್ತು, ಓಡೋ ದಿಕ್ಕಿಗೆ ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ಟೈಮಿಂಗ್ ತಪ್ಪಿದೆ ಅಂತ ಅರ್ಥ. ಗುರುತು ಮತ್ತೆ ಕೂಡಿ ಬಂದರೆ ಮಾತ್ರ ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಮೊದಲ ಆಯಿಲ್ 200 ಕಿಲೋಮೀಟರಿಗೇ ಬದಲಾಯಿಸಿ, ನೀರಿನ ಅಂಶ ಅಷ್ಟು ಬೇಗ ಪೂರ್ತಿ ಹೋಗಲ್ಲ.

ಒಂದು ವಿನಂತಿ, ಆಯುಧಪೂಜೆ ಹತ್ತಿರ ಬಂದಾಗ ಶಾಪಿಗೆ ಕೊಡಬೇಡಿ. ಎಲ್ಲರದ್ದೂ ಹಬ್ಬಕ್ಕೆ ಬೇಕು ಅಂತ ಅವಸರ ಇರುತ್ತೆ, ಹೆಡ್ ಕೆಲಸಕ್ಕೆ ಅವಸರ ಆಗಲ್ಲ.

ಮಂಡ್ಯದಿಂದ, ಮೂರು ವಾರದ ನಂತರ

ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಎರಡು, ಮೂರನೇ ಸಿಲಿಂಡರ್ ನಡುವೆ ಸುಟ್ಟು ಕರಿ ಗೆರೆ ಬಿದ್ದಿತ್ತು. 0.15 ಎಲೆ ನಡುವೆ ನುಗ್ಗಿತು. ತೊಟ್ಟಿ ಪರೀಕ್ಷೆಯಲ್ಲಿ ಬಿರುಕಿಲ್ಲ ಅಂದರು, ಮನೆಗೆ ಬಂದು ಹೇಳಿದಾಗ ಅಮ್ಮ ದೇವರಿಗೆ ದೀಪ ಹಚ್ಚಿದರು. ಪ್ರೀಚೇಂಬರ್ ತೆಗೆದೇ ಫೇಸಿಂಗ್ ಮಾಡಿದ್ದಾರೆ, ಪಕ್ಕದಲ್ಲೇ ನಿಂತು ನೋಡಿದೆ. ಗೈಡ್ ಆಟ ಇಲ್ಲ, ಐದು ವಾಲ್ವ್ ಲ್ಯಾಪಿಂಗ್ ಮುಗಿದಿದೆ, ಮೂರು ಬಾಕಿ.

ರೇಡಿಯೇಟರ್ ಬಿಚ್ಚಿಸಿದಾಗ ಕೊಳವೆಗಳಿಂದ ಸುಣ್ಣದ ಚಕ್ಕೆ ಒಂದು ಲೋಟದಷ್ಟು ಬಂತು. ನಮ್ಮ ಬೋರ್ ನೀರು ಕಾಯಿಸೋ ಹಂಡೆ ಒಳಗೂ ಅಂಥದ್ದೇ ಬಿಳಿ ಪದರ ಇದೆ, ಇಷ್ಟು ವರ್ಷ ಅದೇ ನೀರು ಎಂಜಿನ್ನಿಗೂ ಹಾಕುತ್ತಿದ್ದೆ. ಈಗ ಡಿಸ್ಟಿಲ್ಡ್ ನೀರಿನ ಕ್ಯಾನು, ಕೂಲೆಂಟ್, ಹೊಸ ಥರ್ಮೋಸ್ಟಾಟ್ ತಂದಿಟ್ಟಿದ್ದೀನಿ. ಹನ್ನೆರಡು ಮೂಲೆಯ ಬೋಲ್ಟುಗಳಲ್ಲಿ ನಾಲ್ಕು ಮಿಕ್ಕವಕ್ಕಿಂತ ಉದ್ದ ಹಿಗ್ಗಿವೆ. ನಾಲ್ಕೇ ಬದಲಾಯಿಸಲಾ, ಪೂರ್ತಿ ಸೆಟ್ ತಗೊಳ್ಳಲಾ?

ಮದ್ದೂರಿನಿಂದ

ಪೂರ್ತಿ ಸೆಟ್ಟೇ ತಗಳಿ ಅಣ್ಣ. ಬಿಗಿಯೋ ದಿನ ಹೇಳಿ, ಟಾರ್ಕ್ ರೆಂಚ್ ತಕ್ಕಂಡು ನಾನೇ ಬತ್ತೀನಿ.