ಹಳೆಯ ಚೀಟಿಯ ಮಾತ್ರೆ, ಹೊಸ ಊರಿನ ಸೆಖೆ

ಮಗಳೇ, ನಿವೃತ್ತಿಯಾದ ಮೇಲೆ ಅಪ್ಪ ಅಮ್ಮ ಈ ತಂಪು ಒಣಹವೆಯನ್ನು ಬಿಟ್ಟು ಕಡಲಂಚಿನ ಊರಿನಲ್ಲಿ ನೆಲೆಸಲು ಹೊರಟಿದ್ದಾರೆ, ಅಲ್ಲಿನ ಸೆಖೆಗೆ ಅಪ್ಪನ ಬಿಪಿ, ಸಕ್ಕರೆ, ಅಮ್ಮನ ದಮ್ಮು ಎಲ್ಲವೂ ಏನಾಗಬಹುದು ಎಂದು ನೀನು ನಿನ್ನೆ ರಾತ್ರಿ ಈ ಗುಂಪಿನಲ್ಲಿ ಕೇಳಿದ್ದನ್ನು ಓದಿದೆ. ಅದರ ಕೆಳಗೆ ಎಲ್ಲರೂ ‘ನೀರು ಚೆನ್ನಾಗಿ ಕುಡಿಯಲಿ, ಏನೂ ಆಗುವುದಿಲ್ಲ’ ಎಂದು ಬರೆದಿದ್ದನ್ನೂ ಓದಿದೆ. ಆ ಮಾತನ್ನು ಹಾಗೆಯೇ ಬಿಟ್ಟು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಇದು ಸ್ವಲ್ಪ ಉದ್ದವಾಗುತ್ತದೆ, ಕೊನೆಯವರೆಗೆ ಕೇಳು.

ನಿನ್ನ ಅಪ್ಪ ಚೀಟಿಯಲ್ಲಿ ಬರೆದ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವವನಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ದೊಡ್ಡಪ್ಪನೂ ಹಾಗೆಯೇ, ಅಣ್ಣತಮ್ಮಂದಿರಲ್ಲವೇ. ನನಗೆ ಭಯವಾಗುವುದು ಅದಕ್ಕಾಗಿಯೇ.

ನಾವು ಸೆಖೆಯ ಊರಿಗೆ ಹೋದ ಹೊಸತರಲ್ಲಿ ದೊಡ್ಡಪ್ಪ ಬಿದ್ದರು ಎಂಬುದಷ್ಟೇ ನಿಮಗೆ ಗೊತ್ತು. ಏಕೆ ಬಿದ್ದರು ಎಂಬುದನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಅವರು ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಲ್ಲಿ ಒಂದು, ಮೂತ್ರದ ಮೂಲಕ ಉಪ್ಪನ್ನೂ ನೀರನ್ನೂ ಹೊರಗೆ ಹಾಕಿಸುವ ಥಯಜೈಡ್ ಗುಂಪಿನದು. ಇಲ್ಲಿದ್ದಾಗ ಆ ಮಾತ್ರೆಯಿಂದ ಅವರಿಗೆ ಎಂದೂ ತೊಂದರೆಯಾಗಿರಲಿಲ್ಲ. ಆದರೆ ಸೆಖೆಯಲ್ಲಿ ಮೈ ತಣಿಯಬೇಕಾದರೆ ಚರ್ಮದ ರಕ್ತನಾಳಗಳು ಹಿಗ್ಗಬೇಕು, ಅವು ಹಿಗ್ಗಿದಾಗ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ, ಅದರ ಮೇಲೆ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಗಾಳಿಯೇ ತೇವದಿಂದ ತುಂಬಿರುವ ಕಡೆ ಬೆವರು ಆರುವುದಿಲ್ಲ, ಸುಮ್ಮನೆ ಸುರಿದುಹೋಗುತ್ತದೆ. ಆರದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲವಾದ್ದರಿಂದ ದೇಹ ಇನ್ನಷ್ಟು ಬೆವರುತ್ತದೆ. ಉಷ್ಣಾಂಶ 32 ಡಿಗ್ರಿ ಎಂದು ನೋಡಿ ಸಮಾಧಾನಪಡಬೇಡಿ, ಗಾಳಿಯ ತೇವಾಂಶ ನೂರಕ್ಕೆ 70ರಷ್ಟಿದ್ದರೆ ಅದೇ 32 ಡಿಗ್ರಿ ಮೈಗೆ ಸುಮಾರು 41ರಂತೆ ತಾಗುತ್ತದೆ.

ಹೀಗೆ ಸೆಖೆಯೂ ಮಾತ್ರೆಯೂ ಸೇರಿ ಒಂದೇ ಕೆಲಸವನ್ನು ಎರಡು ಸಲ ಮಾಡಿದವು. ಮೊದಲು ಅವರಿಗೆ ಆಯಾಸ, ತಲೆನೋವು, ಊಟದ ಹೊತ್ತಿಗೆ ಓಕರಿಕೆ. ಆಮೇಲೆ ಮಾತಿನ ನಡುವೆ ಎಲ್ಲಿದ್ದೆನೆಂದು ಮರೆಯತೊಡಗಿದರು. ಎಲ್ಲರೂ ಹೇಳಿದರೆಂದು ನೀರನ್ನು ಹೆಚ್ಚು ಹೆಚ್ಚು ಕುಡಿದರು. ಒಂದು ಬೆಳಗಿನ ಜಾವ ಹಾಸಿಗೆಯಿಂದ ಎದ್ದು ನಿಂತವರು ಅಲ್ಲಿಯೇ ಕುಸಿದರು, ತೊಡೆಯ ಮೂಳೆ ಮುರಿಯಿತು. ರಕ್ತ ಪರೀಕ್ಷೆ ಮಾಡಿಸಿದಾಗ, ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಉಪ್ಪು ಬೆವರಿನಲ್ಲಿಯೂ ಮೂತ್ರದಲ್ಲಿಯೂ ಹೋಗುತ್ತಿರುವಾಗ ಬರೀ ನೀರನ್ನೇ ತುಂಬಿಸಿದರೆ ಉಳಿದ ಉಪ್ಪೂ ತೆಳುವಾಗುತ್ತದೆ, ಮತ್ತು ಆ ಗುಂಪಿನ ಮಾತ್ರೆ ವಯಸ್ಸಾದವರಲ್ಲಿ ಸೋಡಿಯಂ ಇಳಿಸುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯವೇ.

ಆದ್ದರಿಂದ ಹೇಳುತ್ತಿದ್ದೇನೆ: ಹಳೆಯ ಊರಿನ ಚೀಟಿಯನ್ನು ಹೊಸ ಊರಿನ ಸೆಖೆಗೆ ಹಾಗೆಯೇ ಒಯ್ಯಬೇಡಿ, ವೈದ್ಯರಿಗೆ ತೋರಿಸದೆ ಅದೇ ಪ್ರಮಾಣವನ್ನು ಮುಂದುವರಿಸಬೇಡಿ.

ಈ ಮಾತನ್ನು ಅಂದೇ ಯಾರಾದರೂ ನಮಗೆ ಹೇಳಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಬೀಳುವುದಕ್ಕೆ ಮುಂಚೆಯೇ ಅವರನ್ನು ತೋರಿಸಲು ಕರೆದೊಯ್ದಿದ್ದೆ. ಅಲ್ಲಿನ ವೈದ್ಯರು ಚೀಟಿಯನ್ನು ಬಿಡಿಸಿಯೂ ನೋಡದೆ ‘ವಯಸ್ಸಾಯಿತಲ್ಲ, ಸೆಖೆಗೆ ಹೀಗಾಗುತ್ತದೆ’ ಎಂದು ಕಳುಹಿಸಿಬಿಟ್ಟರು. ಅವರು ಹೊರಗಿನವರು, ಹೋಗಲಿ. ನಮ್ಮವರೇ ಪ್ರತಿ ಬೇಸಿಗೆಯಲ್ಲೂ ಈ ಗುಂಪಿನಲ್ಲಿ ‘ಅಣ್ಣ ನೀರು ಕುಡಿಯುತ್ತಿರಲಿಲ್ಲ, ಅದಕ್ಕೇ ಬಿದ್ದರು’ ಎಂದು ಬರೆಯುತ್ತೀರಿ. ಚೊಂಬು ತುಂಬಿಸಿ ಕೈಗೆ ಕೊಟ್ಟವಳು ನಾನು, ಅವರು ಕುಡಿದದ್ದನ್ನು ಕಣ್ಣಾರೆ ನೋಡಿದವಳು ನಾನು. ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂದು ಇಷ್ಟು ವರ್ಷಗಳಲ್ಲಿ ನಿಮ್ಮಲ್ಲಿ ಒಬ್ಬರಾದರೂ ಕೇಳಿದ್ದೀರಾ? ಆ ತಪ್ಪು ಕಥೆಯೇ ಇಂದು ನಿನ್ನ ಅಪ್ಪನಿಗೆ ಬುದ್ಧಿವಾದವಾಗಿ ಬಂದಿದೆಯಲ್ಲ, ನನ್ನ ದುಃಖ ಅದು.

ಇನ್ನೊಮ್ಮೆ ಹೇಳುತ್ತೇನೆ, ಹಳೆಯ ಚೀಟಿಯನ್ನು ಹೊಸ ಸೆಖೆಗೆ ಹಾಗೆಯೇ ಒಯ್ಯಬೇಡಿ. ಹಾಗೆಂದು ಭಯಪಟ್ಟು ಮಾತ್ರೆಯನ್ನು ನೀವೇ ನಿಲ್ಲಿಸುವುದೂ ಬೇಡ, ಅದು ಇನ್ನೂ ದೊಡ್ಡ ಅಪಾಯ.

ನೀನು ಕೇಳಿದ್ದು ಏನು ಮಾಡಬೇಕೆಂದು, ನಾನು ಎಲ್ಲೆಲ್ಲಿಗೋ ಹೋದೆ. ಹೊರಡುವ ಮೊದಲೇ ಚೀಟಿಯನ್ನು ವೈದ್ಯರ ಮುಂದಿಟ್ಟು, ಸೆಖೆಗೆ ಯಾವ ಮಾತ್ರೆಯನ್ನು ಬದಲಿಸಬೇಕು, ದಿನಕ್ಕೆ ಎಷ್ಟು ನೀರು, ಎಷ್ಟು ಉಪ್ಪು ಎಂದು ಬಾಯಿಬಿಟ್ಟು ಕೇಳಲಿ. ಹೃದಯವೋ ಮೂತ್ರಪಿಂಡವೋ ದುರ್ಬಲವಾಗಿದ್ದರೆ ಆ ಲೆಕ್ಕವೇ ಬೇರೆ. ದೇಹ ಸೆಖೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು, ಆದ್ದರಿಂದ ಬೇಸಿಗೆಯ ನಡುವೆ ಹೋಗದೆ ಸೆಖೆ ಕಡಿಮೆಯಿರುವ ತಿಂಗಳಲ್ಲಿ ಹೋಗಲಿ. ಹೋದ ಮೇಲೆ ಬಿಪಿಯನ್ನು ಐದು ನಿಮಿಷ ಕುಳಿತು ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದೇ ದಿನ ವೈದ್ಯರಿಗೆ ತಿಳಿಸಲಿ. ಬಾಯಾರಿಕೆಯಾಗಲಿ ಎಂದು ಕಾಯುವುದು ಬೇಡ, ಈ ವಯಸ್ಸಿನಲ್ಲಿ ಬಾಯಾರಿಕೆ ತಡವಾಗಿ ತಿಳಿಯುತ್ತದೆ.

ಅಪ್ಪನ ಇನ್ಸುಲಿನ್ ಸೆಖೆಯಲ್ಲಿ ರಕ್ತಕ್ಕೆ ಬೇಗ ಸೇರುತ್ತದೆ, ಸಕ್ಕರೆ ಹಠಾತ್ತನೆ ಇಳಿಯಬಹುದು, ಆದ್ದರಿಂದ ಮೊದಲ ವಾರಗಳಲ್ಲಿ ಹೆಚ್ಚು ಸಲ ಪರೀಕ್ಷಿಸಿಕೊಳ್ಳಲಿ. ತೆರೆದ ಇನ್ಸುಲಿನ್ ಅನ್ನು 30 ಡಿಗ್ರಿ ಮೀರುವ ಕಡೆ ಇಡಬಾರದು. ಪರೀಕ್ಷೆಯ ಪಟ್ಟಿಗಳು ತೇವ ತಾಗಿದರೆ ತಪ್ಪು ಅಂಕಿ ತೋರಿಸುತ್ತವೆ, ಡಬ್ಬಿಯ ಮುಚ್ಚಳ ತೆರೆದಿಡುವ ಅಭ್ಯಾಸವನ್ನು ಅವನು ಬಿಡಬೇಕು. ಕಾಲ್ಬೆರಳಿನ ಸಂದುಗಳನ್ನು ದಿನವೂ ಒರೆಸಿ ನೋಡಿಕೊಳ್ಳಲಿ, ಅಲ್ಲಿ ಹುಟ್ಟುವ ಶಿಲೀಂಧ್ರ ಸಕ್ಕರೆ ಕಾಯಿಲೆಯವರಲ್ಲಿ ಹುಣ್ಣಿಗೆ ದಾರಿಯಾಗುತ್ತದೆ. ಅಮ್ಮನ ದಮ್ಮಿಗೆ ಸೆಖೆಗಿಂತ ಮನೆಯೊಳಗಿನ ಬೂಷ್ಟು ಮತ್ತು ಹಾಸಿಗೆಯ ಧೂಳಿನ ನುಸಿ ಹೆಚ್ಚು ಕಾಟ ಕೊಡುತ್ತವೆ. ತೇವಾಂಶ ನೂರಕ್ಕೆ 50ಕ್ಕಿಂತ ಕೆಳಗಿದ್ದರೆ ಎರಡೂ ಹತೋಟಿಯಲ್ಲಿರುತ್ತವೆ, ಅದನ್ನು ಅಳೆಯುವ ಸಣ್ಣ ಮಾಪಕವೊಂದನ್ನು ಮಲಗುವ ಕೋಣೆಯಲ್ಲಿ ಇಡಿ. ಅವಳದು ಪುಡಿಯ ಇನ್‌ಹೇಲರ್ ಆಗಿದ್ದರೆ ಬಚ್ಚಲಮನೆಯ ಕಪಾಟಿನಲ್ಲಿ ಇಡಬಾರದು, ಪುಡಿ ಗಂಟುಕಟ್ಟುತ್ತದೆ.

ಹೋದ ಒಂದೆರಡು ವಾರದೊಳಗೆ ಅಪ್ಪನ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಈ ರಕ್ತ ಪರೀಕ್ಷೆಗಳು ಆಗಲೇಬೇಕು, ಎಷ್ಟೇ ಆರೋಗ್ಯವಾಗಿ ಕಂಡರೂ ಆಗಬೇಕು. ಈಗ ಅವನ ಚೀಟಿಯ ಫೋಟೋ ತೆಗೆದು ನನಗೆ ಕಳುಹಿಸು, ಅದರಲ್ಲಿ ನೀರು ಹೋಗಿಸುವ ಮಾತ್ರೆ ಇದೆಯೇ ಎಂದು ನಾನೇ ನೋಡುತ್ತೇನೆ.